ಹುಟ್ಟುಕಾವಲು

ಜುಲೈ ತಿಂಗಳ ಒಂದು ಸಂಜೆ. ಹೆಂಚಿನ ಮನೆಯ ಜಗಲಿ, ಎದುರಿಗೆ ದಂಡೆ ಮೀರಿ ಹರಿಯುತ್ತಿದ್ದ ಚರಂಡಿ. ಹಿರಿಯರು ತಾಲ್ಲೂಕು ಆಸ್ಪತ್ರೆಗಳಲ್ಲಿ ಮಕ್ಕಳ ವೈದ್ಯರಾಗಿ ಮೂರೂವರೆ ದಶಕ ದುಡಿದವರು. ಕಿರಿಯಳು ಅದೇ ಬೀದಿಯಲ್ಲಿ ಕುಂಟೆಬಿಲ್ಲೆ ಆಡಿ ಬೆಳೆದವಳು. ಈಗ ಕರುಳಿನ ರೋಗನಿರೋಧಕ ಕೋಶಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದಾಳೆ. ಮಳೆ ಹಿಡಿದರೆ ಆ ಬೀದಿಯಲ್ಲಿ ಮಕ್ಕಳ ಭೇದಿಯ ಮಾತು ಬಾರದ ದಿನವಿಲ್ಲ. ಅಂದು ಇಬ್ಬರ ನಡುವೆ ಕೂತು ಕೇಳಿಸಿಕೊಂಡದ್ದರಲ್ಲಿ ನೆನಪಿದ್ದಷ್ಟನ್ನು ಬರೆದಿಟ್ಟಿದ್ದೇನೆ.

ಹಿರಿಯರು: ಲ್ಯಾಬಿನಲ್ಲಿ ನೀನು ಏನು ಮಾಡ್ತೀಯ ಅಂತ ನಿಮ್ಮಮ್ಮನನ್ನು ಕೇಳಿದೆ. ಇಲಿಯ ಕರುಳಿನಲ್ಲಿ ಏನೋ ಹುಡುಕ್ತಾಳೆ ಅಂದರು.

ಕಿರಿಯಳು: ಸರಿಯಾಗೇ ಹೇಳಿದ್ದಾರೆ. ಬಿಳಿ ರಕ್ತಕಣಗಳ ವಂಶದಲ್ಲೇ ಒಂದು ಅಪರೂಪದ ಜಾತಿ ಇದೆ. ಸಹಜ ಲಿಂಫಾಯ್ಡ್ ಕೋಶ ಅಂತ ಹೆಸರು, ಬಾಯಿಮಾತಿಗೆ ಐಎಲ್‌ಸಿ. ರಕ್ತದಲ್ಲಿ ಹುಡುಕಿದರೆ ತೀರಾ ಕಡಿಮೆ. ಕರುಳಿನ ಒಳಗೋಡೆಯಲ್ಲಿ ಬೀಡುಬಿಟ್ಟಿರುತ್ತವೆ. ನೀವು ಓದುವ ಕಾಲಕ್ಕೆ ಇವುಗಳಲ್ಲಿ ಹೆಚ್ಚಿನವುಗಳ ಸುದ್ದಿಯೇ ಇರಲಿಲ್ಲ. ಮೂರು ಗುಂಪಾಗಿ ವಿಂಗಡಿಸಿ ಹೆಸರಿಟ್ಟದ್ದು 2013ರಲ್ಲಿ.

ಹಿರಿಯರು: ನಾನು ಓದುವಾಗ ಕರುಳು ಅಂದರೆ ಕೊಳವೆ, ಭೇದಿ ಅಂದರೆ ಸೋರಿಕೆ. ಸೋರಿದಷ್ಟನ್ನು ತುಂಬಿಸು, ಮಗು ಉಳಿಯುತ್ತೆ. ಇದನ್ನು ನಾನು ಸಣ್ಣ ಮಾತು ಅಂದುಕೊಂಡಿಲ್ಲ. 1971ರಲ್ಲಿ ಬಾಂಗ್ಲಾದಿಂದ ಓಡಿ ಬಂದವರು ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ಕಾಲರಾಕ್ಕೆ ಸಿಕ್ಕಿ ನೆಲದ ಮೇಲೇ ಮಲಗಿದ್ದರು. ಸಲೈನ್ ಮುಗಿದಿತ್ತು. ಡಾಕ್ಟರ್ ದಿಲೀಪ್ ಮಹಲನಬೀಸ್ ಉಪ್ಪು, ಅಡುಗೆ ಸೋಡಾ, ಗ್ಲೂಕೋಸ್ ಮೂರನ್ನೂ ಅಳೆದು ನೀರಿಗೆ ಬೆರೆಸಿ, ಡ್ರಮ್ಮಿಗೆ ನಲ್ಲಿ ಹಾಕಿಸಿ, ರೋಗಿಗಳ ಮನೆಯವರ ಕೈಗೇ ಲೋಟ ಕೊಟ್ಟರು. ನೂರಕ್ಕೆ ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕೂ ಕೆಳಗೆ ಇಳಿಯಿತು. ಯಾವ ಕೋಶ ಎಲ್ಲಿ ಹುಟ್ಟಿತು ಅಂತ ಆಗ ಯಾರೂ ಕೇಳಲಿಲ್ಲ. ಆ ನೀರನ್ನೇ ನಾನು ಮೂವತ್ತೈದು ವರ್ಷ ಕುಡಿಸಿದ್ದು.

ಕಿರಿಯಳು: ಅದನ್ನು ಚಿಕ್ಕದು ಮಾಡೋಕೆ ನಾನು ಬಂದಿಲ್ಲ. ಆದರೆ ನಿಮ್ಮ ವಾರ್ಡಿನಲ್ಲೇ ಒಂದು ಪ್ರಶ್ನೆ ಇತ್ತಲ್ಲ. ಒಂದೇ ಬಾವಿಯ ನೀರು ಕುಡಿದ ಹತ್ತು ಮಕ್ಕಳಲ್ಲಿ ಇಬ್ಬರು ನಿಮ್ಮ ಹತ್ತಿರ ಬಂದರು. ಉಳಿದ ಎಂಟು ಮಕ್ಕಳಿಗೆ ಏನಾಗಿತ್ತು?

ಹಿರಿಯರು: (ಸ್ವಲ್ಪ ಹೊತ್ತು ಸುಮ್ಮನಿದ್ದು) ಅವರು ಬರಲಿಲ್ಲ, ಹಾಗಾಗಿ ನಾನು ನೋಡಲಿಲ್ಲ. ವೈದ್ಯನ ಕಣ್ಣಿಗೆ ಬೀಳೋದು ಸೋತ ಕರುಳು ಮಾತ್ರ. ಗೆದ್ದ ಕರುಳು ಮನೆಯಲ್ಲೇ ಆಡ್ಕೊಂಡಿರುತ್ತೆ.

ಕಿರಿಯಳು: ನಾನು ನೋಡ್ತಿರೋದು ಆ ಗೆದ್ದ ಕರುಳನ್ನೇ. ನಮ್ಮ ಮೈಯಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾ ಇವೆ ಅಂತ ಅಂದಾಜು, ಬಹುಪಾಲು ದೊಡ್ಡ ಕರುಳಿನಲ್ಲಿ. ಅವಕ್ಕೂ ನಮ್ಮ ರಕ್ತಕ್ಕೂ ನಡುವೆ ಒಂದೇ ಸಾಲು ಕೋಶ, ಅದರ ಮೇಲೆ ಲೋಳೆ. ಆ ಸಾಲೂ ಶಾಶ್ವತವಲ್ಲ, ನಾಲ್ಕೈದು ದಿನಕ್ಕೊಮ್ಮೆ ಹಳೆಯ ಕೋಶ ಉದುರಿ ಹೊಸದು ಬರುತ್ತೆ. ಸೋರುವ ಮಾಡಿನ ಕೆಳಗೆ ಇಡೀ ವರ್ಷ ಸಂಸಾರ ಮಾಡಿದ ಹಾಗೆ. ಅಂಥ ಗೋಡೆ ದಿನಾ ಬೀಳದೆ ಹೇಗೆ ನಿಂತಿದೆ ಅನ್ನೋದೇ ನನಗೆ ಆಶ್ಚರ್ಯ.

ಹಿರಿಯರು: ನಿನ್ನ ಐಎಲ್‌ಸಿ ಅದನ್ನು ನಿಲ್ಲಿಸಿದೆ ಅಂತೀಯ.

ಕಿರಿಯಳು: ಒಬ್ಬರೇ ಅಲ್ಲ. ಸತ್ತದ್ದನ್ನೂ ಹೊರಗಿನದ್ದನ್ನೂ ನುಂಗುವ ಮ್ಯಾಕ್ರೋಫೇಜ್ ಇವೆ, ಕರೆದ ಕೂಡಲೇ ಓಡಿಬರುವ ನ್ಯೂಟ್ರೋಫಿಲ್ ಇವೆ, ಗುಂಡಿಗಳ ತಳದಲ್ಲಿ ಕೂತು ವಿಷ ಸುರಿಸುವ ಪ್ಯಾನೆತ್ ಕೋಶಗಳಿವೆ. ಐಎಲ್‌ಸಿ ತಾನಾಗಿ ಯಾರನ್ನೂ ನುಂಗೋದಿಲ್ಲ. ಅದು ಸುದ್ದಿ ಮುಟ್ಟಿಸುತ್ತೆ. ಗೋಡೆಯ ಬಳಿ ಏನೋ ಕೆಟ್ಟಿದೆ ಅಂತ ಮ್ಯಾಕ್ರೋಫೇಜ್ ಕೂಗು ಹಾಕಿದರೆ ಮೂರನೇ ಗುಂಪಿನ ಐಎಲ್‌ಸಿ ಕೆಲವೇ ಗಂಟೆಗಳಲ್ಲಿ ಇಂಟರ್‌ಲ್ಯೂಕಿನ್-22 ಅನ್ನುವ ಪ್ರೋಟೀನ್ ಬಿಡುತ್ತೆ. ಅದನ್ನು ಕೇಳಿಸಿಕೊಳ್ಳುವ ಕಿವಿ ಇರೋದು ಗೋಡೆಯ ಕೋಶಗಳಿಗೆ. ಅವು ಲೋಳೆ ಹೆಚ್ಚಿಸುತ್ತವೆ, ಬ್ಯಾಕ್ಟೀರಿಯಾ ಕೊಲ್ಲುವ ಸಣ್ಣ ಪ್ರೋಟೀನುಗಳನ್ನು ಸುರಿಸುತ್ತವೆ, ಬೇಗ ಬೇಗ ಹೊಸ ಕೋಶ ಹುಟ್ಟಿಸಿ ಬಿರುಕು ಮುಚ್ಚುತ್ತವೆ.

ಹಿರಿಯರು: ಲಸಿಕೆ ಹಾಕಿದಾಗ ಕಲಿಯುವ ಟಿ ಕೋಶ, ಬಿ ಕೋಶ ಇವೆಯಲ್ಲ. ಅವೇನು ಮಾಡ್ತಿರ್ತವೆ ಆಗ?

ಕಿರಿಯಳು: ತಯಾರಾಗ್ತಿರ್ತವೆ. ಹೊಸ ಶತ್ರು ಬಂದರೆ ಅದನ್ನು ಗುರುತಿಸುವ ಟಿ ಕೋಶ ಲಕ್ಷದಲ್ಲಿ ಒಂದೋ ಎರಡೋ. ಅದು ಸಿಕ್ಕಿ, ಹೆಚ್ಚಿ, ಕರುಳಿಗೆ ಬಂದು ಸೇರೋಕೆ ಹತ್ತಿರ ಹತ್ತಿರ ಒಂದು ವಾರ ಬೇಕು. ಆ ವಾರ ಬಾಗಿಲು ಕಾಯೋರು ಯಾರು? ಇಲಿಗಳಿಗೆ ಸಿಟ್ರೊಬ್ಯಾಕ್ಟರ್ ಅಂತ ಒಂದು ಬ್ಯಾಕ್ಟೀರಿಯಾ ಬರುತ್ತೆ, ನಮ್ಮ ಮಕ್ಕಳಿಗೆ ಭೇದಿ ತರುವ ಒಂದು ಬಗೆಯ ಇ-ಕೋಲೈಗೆ ಹತ್ತಿರದ್ದು. ಗಟ್ಟಿ ಇಲಿ ಎರಡು ಮೂರು ವಾರದಲ್ಲಿ ಅದನ್ನು ಕಳೆದುಕೊಂಡು ಚೇತರಿಸಿಕೊಳ್ಳುತ್ತೆ. ಇಂಟರ್‌ಲ್ಯೂಕಿನ್-22 ಇಲ್ಲದ ಇಲಿಗಳಿಗೆ ಅದೇ ಸೋಂಕು ಕೊಟ್ಟು ನೋಡಿದರು, 2008ರಲ್ಲಿ. ಬಹುಪಾಲು ಸತ್ತವು. ಮೊದಲ ದಿನಗಳಲ್ಲಿ ಆ ಪ್ರೋಟೀನನ್ನು ಕೊಡುವುದು ಮುಖ್ಯವಾಗಿ ನಮ್ಮ ಈ ಸಹಜ ಕೋಶಗಳೇ.

ಹಿರಿಯರು: ಹುಟ್ಟೋದೆಲ್ಲಿ ಇವು?

ಕಿರಿಯಳು: ಟಿ ಕೋಶ, ಬಿ ಕೋಶ ಹುಟ್ಟುವ ಮನೆಯಲ್ಲೇ. ಗರ್ಭದಲ್ಲಿದ್ದಾಗ ಪಿತ್ತಜನಕಾಂಗ, ಆಮೇಲೆ ಮೂಳೆಯ ಮಜ್ಜೆ. ಮೂವರಿಗೂ ತಾಯಿಕೋಶ ಒಂದೇ. ಟಿ ಕೋಶ ಆಗಬೇಕಾದ್ದು ಎದೆಯ ಥೈಮಸ್ ಗ್ರಂಥಿಗೆ ಹೋಗಿ ಕಲಿಯುತ್ತೆ. ತನ್ನ ಡಿಎನ್‌ಎಯನ್ನೇ ಕತ್ತರಿಸಿ ಜೋಡಿಸಿ ತನಗೊಂದು ಗುರುತು ಹಿಡಿಯುವ ಬಲೆ ಹೆಣೆದುಕೊಳ್ಳುತ್ತೆ. ಐಎಲ್‌ಸಿ ಆಗುವ ಕೋಶದಲ್ಲಿ ‘ಐಡಿ-2’ ಅನ್ನೋ ಒಂದು ಜೀನ್ ಎಚ್ಚರಗೊಂಡು ಆ ದಾರಿಯನ್ನೇ ಮುಚ್ಚಿಬಿಡುತ್ತೆ. ಮುಂದೆ ಯಾವ ಗುಂಪಿಗೆ ಸೇರುತ್ತೆ ಅನ್ನೋದನ್ನು ಇನ್ನೂ ಕೆಲವು ಜೀನ್‌ಗಳು ತೀರ್ಮಾನ ಮಾಡುತ್ತವೆ. ಬಲೆ ಇಲ್ಲದೆ, ಪಾಠ ಇಲ್ಲದೆ ನೇರ ಕೆಲಸಕ್ಕೆ. ಕರುಳಿಗೆ ಒಮ್ಮೆ ಬಂದು ನೆಲೆಸಿದರೆ ಊರು ಬಿಡೋದು ಕಡಿಮೆ. ಎರಡು ಇಲಿಗಳ ರಕ್ತ ಒಂದಾಗಿ ಹರಿಯುವಂತೆ ಹೊಲಿದು ತಿಂಗಳುಗಟ್ಟಲೆ ಬಿಟ್ಟಿದ್ದರು. ಟಿ ಕೋಶಗಳು ಅತ್ತಿಂದಿತ್ತ ಓಡಾಡಿದ್ದವು. ಕರುಳಿನ ಐಎಲ್‌ಸಿ ಹೆಚ್ಚುಕಮ್ಮಿ ತಮ್ಮ ತಮ್ಮ ಇಲಿಯಲ್ಲೇ ಉಳಿದಿದ್ದವು.

ಹಿರಿಯರು ಕಣ್ಣು ಮುಚ್ಚಿ ತೆರೆದರು. ಪ್ರಾಣಿಗಳನ್ನು ಹಾಗೆ ಹೊಲಿಯುವ ಮಾತು ಅವರಿಗೆ ಹಿಡಿಸಲಿಲ್ಲ ಅನ್ನುವುದು ಕಾಣುತ್ತಿತ್ತು. ನನಗೂ ಹಿಡಿಸಲಿಲ್ಲ. ಆದರೆ ಆಕೆ ಅದನ್ನು ಮುಚ್ಚಿಡದೆ ಹೇಳಿದಳು, ಆ ಪ್ರಾಮಾಣಿಕತೆಗೆ ತಲೆಬಾಗಬೇಕು.

ಕಿರಿಯಳು: ಇನ್ನೊಂದು ಹೇಳ್ತೀನಿ, ಇದು ನಿಮಗೆ ಪರಿಚಯದ ಜಾಗ. ಸಣ್ಣ ಕರುಳಿನಲ್ಲಿ ಪೇಯರ್ಸ್ ಪ್ಯಾಚ್ ಅನ್ನೋ ರೋಗನಿರೋಧಕ ಕೋಶಗಳ ಠಾಣೆಗಳಿವೆಯಲ್ಲ...

ಹಿರಿಯರು: ಟೈಫಾಯ್ಡ್‌ನಲ್ಲಿ ತೂತಾಗೋದು ಅಲ್ಲೇ. ಮೂರನೇ ವಾರ ಬಂತೆಂದರೆ ನಾವು ಹೊಟ್ಟೆ ಮುಟ್ಟಿ ಮುಟ್ಟಿ ನೋಡ್ತಿದ್ದೆವು, ಗಟ್ಟಿಯಾಯಿತೇನೋ ಅಂತ.

ಕಿರಿಯಳು: ಆ ಠಾಣೆಗಳನ್ನು ಕಟ್ಟೋದು ಈ ವಂಶದ ಕೋಶಗಳೇ. ಮಗು ಇನ್ನೂ ಹೊಟ್ಟೆಯಲ್ಲಿರುವಾಗಲೇ, ಹೊರಗಿನ ಒಂದು ಬ್ಯಾಕ್ಟೀರಿಯಾವನ್ನೂ ಕಾಣುವ ಮೊದಲೇ, ಜಾಗ ಗುರುತಿಸಿ ಪಾಯ ಹಾಕಿರುತ್ತವೆ. ಇಂಥ ಕೋಶ ಹುಟ್ಟದ ಇಲಿಗೆ ಪೇಯರ್ಸ್ ಪ್ಯಾಚೇ ಇರೋದಿಲ್ಲ.

ಹಿರಿಯರು: ಮತ್ತೆ ಟೈಫಾಯ್ಡ್ ಅದೇ ಠಾಣೆಯ ಬಾಗಿಲಿಂದ ಒಳಗೆ ನುಗ್ಗುತ್ತೆ! ಸರಿ. ಈಗ ನನ್ನ ತಕರಾರು ಕೇಳು. ನೀನು ಹೇಳಿದ್ದೆಲ್ಲ ಇಲಿ. ಇಲಿ ಸತ್ತಿತು, ಇಲಿ ಉಳಿಯಿತು. ನನ್ನ ಮಂಚದ ಮೇಲೆ ಇದ್ದದ್ದು ಮನುಷ್ಯರ ಮಕ್ಕಳು. ಈ ಕೋಶ ಇಲ್ಲದ ಮನುಷ್ಯ ಎಲ್ಲಾದರೂ ಇದ್ದಾನೆಯೇ? ಇದ್ದರೆ ಅವನಿಗೆ ಏನಾಯಿತು?

ಕಿರಿಯಳು: (ಉತ್ತರಕ್ಕೆ ಮೊದಲು ಲೋಟ ಕೆಳಗಿಟ್ಟಳು) ಇದ್ದಾರೆ. ಈ ಪ್ರಶ್ನೆ ನನ್ನ ನಿದ್ದೆಯನ್ನೂ ಕೆಡಿಸಿದೆ. ಹುಟ್ಟಿನಿಂದಲೇ ರೋಗನಿರೋಧಕ ಶಕ್ತಿ ಪೂರ್ತಿ ಇಲ್ಲದ ಕೆಲವು ಮಕ್ಕಳಿಗೆ ಬೇರೆಯವರ ಅಸ್ಥಿಮಜ್ಜೆ ಹಾಕ್ತಾರೆ. ಅಂಥ ಕೆಲವರಲ್ಲಿ ದಾನಿಯ ಟಿ ಕೋಶಗಳು ಚೆನ್ನಾಗಿ ಬೆಳೆದವು, ಐಎಲ್‌ಸಿ ಮಾತ್ರ ಬೆಳೆಯಲೇ ಇಲ್ಲ. ಫ್ರಾನ್ಸಿನ ವೈದ್ಯರು ಅವರನ್ನು ವರ್ಷಗಟ್ಟಲೆ ನೋಡ್ತಾ ಬಂದರು. ಏಳು ವರ್ಷದಿಂದ ಮೂವತ್ತೊಂಬತ್ತು ವರ್ಷದವರೆಗೆ. 2016ರಲ್ಲಿ ವರದಿ ಬಂತು. ಅವರಿಗೆ ವಿಶೇಷವಾಗಿ ಯಾವ ರೋಗವೂ ಹೆಚ್ಚಾಗಿ ಕಾಡಿರಲಿಲ್ಲ.

ಹಿರಿಯರು: ಹಾಗಾದರೆ?

ಕಿರಿಯಳು: ಟಿ ಕೋಶ, ಬಿ ಕೋಶ ನೆಟ್ಟಗಿದ್ದರೆ ಮನುಷ್ಯನಿಗೆ ಐಎಲ್‌ಸಿ ಇಲ್ಲದಿದ್ದರೂ ನಡೆಯುತ್ತೆ ಅಂತ ಅವರು ಬರೆದರು.

ಹಿರಿಯರು: ಮತ್ತೆ ನೀನು ಐದು ವರ್ಷದಿಂದ ಏನನ್ನು ಕಾಯ್ತಿದ್ದೀಯ ಮಗು?

ಆ ಪ್ರಶ್ನೆಯಲ್ಲಿ ಗೆದ್ದ ಸಂತೋಷ ಇರಲಿಲ್ಲ, ಕಳವಳ ಇತ್ತು.

ಕಿರಿಯಳು: ಆ ವರದಿಯನ್ನು ನಾನು ಹತ್ತು ಸಲ ಓದಿದ್ದೇನೆ. ಸುಳ್ಳು ಅಂತ ಹೇಳಲಾರೆ. ಆದರೆ ಅವರು ಬೆಳೆದದ್ದು ಎಲ್ಲಿ? ನಲ್ಲಿ ತಿರುಗಿಸಿದರೆ ಶುದ್ಧ ನೀರು ಬರುವ ದೇಶದಲ್ಲಿ, ವೈದ್ಯರ ಕಣ್ಣಳತೆಯಲ್ಲಿ, ಬೇಕಾದಾಗ ಆ್ಯಂಟಿಬಯೋಟಿಕ್ ಸಿಗುವ ಕಡೆ. ಕಾವಲುಗಾರ ಬೇಕೋ ಬೇಡವೋ ಅನ್ನೋದನ್ನು ಕಳ್ಳರಿಲ್ಲದ ಊರಿನಲ್ಲಿ ತೀರ್ಮಾನ ಮಾಡಬಹುದೇ? ಇದೋ ಈ ಚರಂಡಿಯ ಪಕ್ಕದಲ್ಲಿ, ಆರು ತಿಂಗಳ ಮಗುವಿಗೆ, ಟಿ ಕೋಶಗಳು ಇನ್ನೂ ಎಳಸಾಗಿರುವಾಗ, ಮೊದಲ ವಾರದ ಆ ಕಾವಲಿಗೆ ಎಷ್ಟು ಬೆಲೆ?

ಹಿರಿಯರು: ಮಾತು ಒಪ್ಪುವಂಥದ್ದೇ. ಆದರೆ ಅದು ಪುರಾವೆ ಅಲ್ಲ.

ಕಿರಿಯಳು: ಅಲ್ಲ. ಪುರಾವೆಗೆ ಹತ್ತಿರದ್ದು ಒಂದಿದೆ. ಇಂಟರ್‌ಲ್ಯೂಕಿನ್-17 ಅಂತ, ಈ ಮೂರನೇ ಗುಂಪು ಬಿಡುವ ಇನ್ನೊಂದು ಪ್ರೋಟೀನ್. ಟಿ ಕೋಶಗಳೂ ಬಿಡುತ್ತವೆ. ಸೋರಿಯಾಸಿಸ್ ಇರುವವರಲ್ಲಿ ಅದನ್ನು ತಡೆದರೆ ಚರ್ಮ ತಿಳಿಯಾಗುತ್ತೆ. ಕರುಳಿನ ಉರಿಯೂತಕ್ಕೂ ಅದೇ ಔಷಧ ಆಗಬಹುದು ಅಂತ ಕ್ರೋನ್ಸ್ ಕಾಯಿಲೆಯವರಿಗೆ ಕೊಟ್ಟು ನೋಡಿದರು. 2012ರ ವರದಿ. ವಾಸಿಯಾಗಲಿಲ್ಲ, ಕೆಲವರಿಗೆ ಹೆಚ್ಚಾಯಿತು. ಉರಿ ಹಚ್ಚುತ್ತಿದೆ ಅಂದುಕೊಂಡದ್ದು ಕರುಳಿನಲ್ಲಿ ಗೋಡೆಯನ್ನೂ ಕಾಯ್ತಿತ್ತು. ಇದು ಇಲಿಯಲ್ಲ, ಮನುಷ್ಯರು.

ಹಿರಿಯರು: ಅದರಲ್ಲಿ ನಿನ್ನ ಕೋಶದ ಪಾಲು ಎಷ್ಟು, ಟಿ ಕೋಶದ ಪಾಲು ಎಷ್ಟು ಅಂತ ಬಿಡಿಸಿ ಹೇಳ್ತೀಯ?

ಕಿರಿಯಳು: ಹೇಳಲಾರೆ.

ಮಳೆ ಜೋರಾಯಿತು. ಒಳಗಿನಿಂದ ಮಜ್ಜಿಗೆ ಬಂತು. ಮಜ್ಜಿಗೆ ಕಂಡದ್ದೇ ಮಾತು ಸ್ವಲ್ಪ ಹೊತ್ತು ಮೆಚ್ನಿಕಾಫ್ ಕಡೆ ಹೊರಳಿತು. 1882ರಲ್ಲಿ ಸಿಸಿಲಿಯ ಮೆಸ್ಸಿನಾದಲ್ಲಿ ನಕ್ಷತ್ರಮೀನಿನ ಮರಿಗೆ ಮುಳ್ಳು ಚುಚ್ಚಿ, ಮರುದಿನ ಅದರ ಸುತ್ತ ಕೋಶಗಳು ಮುತ್ತಿಕೊಂಡದ್ದನ್ನು ಕಂಡವನು. ಮೈಯನ್ನು ಕಾಯುವುದು ಕೋಶಗಳು ಎಂದು ಅವನು, ರಕ್ತದ್ರವದಲ್ಲಿರುವ ವಸ್ತುಗಳು ಎಂದು ಎದುರು ಪಕ್ಷದವರು ವರ್ಷಗಟ್ಟಲೆ ವಾದಿಸಿದರು. ಕೊನೆಗೆ 1908ರ ನೊಬೆಲ್ ಬಹುಮಾನವನ್ನು ಅವನಿಗೂ ಎದುರು ಪಕ್ಷದ ಪಾಲ್ ಎರ್ಲಿಕ್‌ಗೂ ಹಂಚಿಕೊಟ್ಟರು. ಹುಳಿ ಹಾಲು ಕರುಳಿಗೆ ಒಳ್ಳೆಯದು ಎಂದು ಯುರೋಪಿಗೆ ಹೇಳಿದವನೂ ಅವನೇ. ಹಿರಿಯರು ಲೋಟ ಬರಿದು ಮಾಡಿ ಮತ್ತೆ ಹಳೆಯ ಎಳೆಗೆ ಬಂದರು.

ಹಿರಿಯರು: ಇವನ್ನು ‘ಸಹಜ’ ಅಂತ ಕರೀತೀರಿ. ಹುಟ್ಟಿನಿಂದ ಬಂದದ್ದು. ಹುಟ್ಟುಗುಣ ಸುಟ್ಟರೂ ಹೋಗದು ಅಂತಾರಲ್ಲ, ಹಾಗೆ ಅಂತ ಜನ ತಿಳ್ಕೋತಾರೆ. ‘ನಮ್ಮ ವಂಶಕ್ಕೆ ಹೊಟ್ಟೆ ಗಟ್ಟಿ’, ‘ಈ ಮಗು ಹುಟ್ಟಾ ಬಡಕಲು’ ಅಂತ ತಾಯಂದಿರ ಎದುರೇ ಹೇಳಿದ್ದನ್ನು ಕೇಳಿದ್ದೇನೆ. ಹಣೆಬರಹದ ಹೊಸ ಹೆಸರು ಇದು ಅಂತ ನನಗೆ ಭಯ.

ಕಿರಿಯಳು: ಆ ಭಯ ನನಗೂ ಇತ್ತು, ಈ ಕೆಲಸಕ್ಕೆ ಇಳಿದ ಮೇಲೆ ಕಡಿಮೆಯಾಯಿತು. ‘ಸಹಜ’ ಅನ್ನೋದರ ಅರ್ಥ ಗುರುತು ಹಿಡಿಯೋದನ್ನು ಕಲಿಯಬೇಕಿಲ್ಲ ಅಂತ ಅಷ್ಟೇ. ಬೆಳೆಯಬೇಕಿಲ್ಲ ಅಂತ ಅಲ್ಲ. ಬೆಳವಣಿಗೆಯ ದೊಡ್ಡ ಪಾಲು ಹೊರಗಿನವರ ಕೈಯಲ್ಲಿದೆ. ಬಸುರಿ ಇಲಿಯನ್ನು ಬ್ಯಾಕ್ಟೀರಿಯಾ ಇಲ್ಲದ ಪೆಟ್ಟಿಗೆಯಲ್ಲಿ ಸಾಕಿ, ಬಸಿರಿನ ಕಾಲದಲ್ಲಿ ಸ್ವಲ್ಪ ದಿನ ಮಾತ್ರ ಅದರ ಕರುಳಿಗೆ ಬ್ಯಾಕ್ಟೀರಿಯಾ ಬಿಟ್ಟರು. ಆ ಬ್ಯಾಕ್ಟೀರಿಯಾ ಹೆರಿಗೆಗೆ ಮೊದಲೇ ತಾನಾಗಿ ಅಳಿದುಹೋಗುವಂಥದ್ದು. ಮರಿ ಹುಟ್ಟುವಾಗ ತಾಯಿಯ ಹೊಟ್ಟೆ ಮತ್ತೆ ಖಾಲಿ, ಮರಿಯ ಹೊಟ್ಟೆಯೂ ಖಾಲಿ. ಆದರೂ ಆ ಮರಿಯ ಕರುಳಿನಲ್ಲಿ ಮೂರನೇ ಗುಂಪಿನ ಐಎಲ್‌ಸಿ ಹೆಚ್ಚಿದ್ದವು. ತಾಯಿಯ ಹೊಟ್ಟೆಯ ಬ್ಯಾಕ್ಟೀರಿಯಾದಿಂದ ಹೊರಟ ವಸ್ತುಗಳು, ತಾಯಿಯ ಪ್ರತಿಕಾಯಗಳ ಜೊತೆ ಸೇರಿ, ಹೊಕ್ಕುಳಬಳ್ಳಿಯಲ್ಲೂ ಹಾಲಿನಲ್ಲೂ ಮರಿಗೆ ಮುಟ್ಟಿದ್ದವು. ಇದೂ 2016ರದ್ದೇ.

ಹಿರಿಯರು: ತಾಯಿ ಮಗುವಿಗೆ ಕಾವಲನ್ನು ಹೆತ್ತು ಕೊಡ್ತಾಳೆ ಅಂತಾಯ್ತು.

ಕಿರಿಯಳು: ಆಹಾರ ಅದನ್ನು ಬೆಳೆಸುತ್ತೆ. ಎಲೆಕೋಸು, ಹೂಕೋಸು, ಮೂಲಂಗಿ ಜಾತಿಯ ತರಕಾರಿಯಲ್ಲಿರುವ ಒಂದು ವಸ್ತು ಹೊಟ್ಟೆಯ ಆಮ್ಲದಲ್ಲಿ ಬದಲಾಗಿ, ಈ ಕೋಶಗಳ ಒಳಗಿನ ಒಂದು ಗ್ರಾಹಕಕ್ಕೆ ಬೀಗಕ್ಕೆ ಕೀಲಿಯಂತೆ ಕೂರುತ್ತೆ. ಆ ಬೀಗ ಇಲ್ಲದ ಇಲಿಗಳಲ್ಲಿ ಹುಟ್ಟಿದ ಮೇಲೆ ಐಎಲ್‌ಸಿ ಹೆಚ್ಚೋದಿಲ್ಲ, ಉಳಿಯೋದೂ ಇಲ್ಲ. ಕರುಳಿನ ಲ್ಯಾಕ್ಟೊಬ್ಯಾಸಿಲಸ್‌ಗಳು ನಾವು ತಿಂದ ಪ್ರೋಟೀನಿನ ಟ್ರಿಪ್ಟೊಫ್ಯಾನನ್ನು ಒಡೆದು ಇಂಥದೇ ಕೀಲಿ ಮಾಡಿಕೊಡುತ್ತವೆ.

ಹಿರಿಯರು: ಈ ಮಾತನ್ನು ನೀನು ರಸ್ತೆಯಲ್ಲಿ ನಿಂತು ಹೇಳಿದರೆ ನಾಳೆ ಎಲೆಕೋಸಿನ ಪುಡಿ ಡಬ್ಬಿಯಲ್ಲಿ ಮಾರಾಟಕ್ಕೆ ಬರುತ್ತೆ. ಕೊರೊನಾ ಕಾಲದಲ್ಲಿ ‘ಇಮ್ಯುನಿಟಿ ಹೆಚ್ಚಿಸುವ’ ಎಷ್ಟು ಪುಡಿ, ಎಷ್ಟು ಮಾತ್ರೆ ಬಂದವು! ಕೂಲಿ ಮಾಡುವವರು ಮಗುವಿನ ಹಾಲಿಗೆ ಇಟ್ಟ ದುಡ್ಡಿನಲ್ಲಿ ಅದನ್ನು ಕೊಂಡದ್ದನ್ನು ನೋಡಿದ್ದೇನೆ. ಅವತ್ತಿನ ಸಿಟ್ಟು ಇನ್ನೂ ಆರಿಲ್ಲ.

ಕಿರಿಯಳು: ಹೆಚ್ಚಿಸೋದು ಅನ್ನೋ ಮಾತೇ ತಪ್ಪು. ಈ ಕೋಶಗಳು ಅಳತೆ ಮೀರಿದರೆ ಕರುಳನ್ನೇ ಸುಡುತ್ತವೆ. ಗೋಡೆಯನ್ನು ದುರಸ್ತಿ ಮಾಡುವ ಅದೇ ಇಂಟರ್‌ಲ್ಯೂಕಿನ್-22 ತಡೆಯಿಲ್ಲದೆ ಹರಿದರೆ ಇಲಿಯ ಕರುಳಿನಲ್ಲಿ ಗಡ್ಡೆ ಬೆಳೆಯೋಕೂ ನೆರವಾಗುತ್ತೆ. ಇಲಿಗೆ ಕೊಟ್ಟ ಅಳತೆಯನ್ನು ಊಟದ ಎಲೆಗೆ ತಂದು ಲೆಕ್ಕ ಹಾಕೋಕೆ ನನಗೆ ಬರೋದಿಲ್ಲ. ಸೊಪ್ಪು ತರಕಾರಿ ತಿನ್ನಿ ಅಂತ ಹೇಳಬಲ್ಲೆ, ಅದನ್ನು ನಮ್ಮಜ್ಜಿಯೂ ಹೇಳ್ತಿದ್ದರು.

ಹಿರಿಯರು: ಬಾಣಂತಿಗೆ ಮಾತ್ರ ಸೊಪ್ಪು ತರಕಾರಿ ಮುಟ್ಟಿಸುತ್ತಿರಲಿಲ್ಲ ನಿಮ್ಮಜ್ಜಿ. ಸಾರನ್ನ, ಬೆಳ್ಳುಳ್ಳಿ, ಅಷ್ಟೇ. ಮೊದಲ ಮೂರು ದಿನದ ಹಳದಿ ಹಾಲನ್ನು ಹಿಂಡಿ ಚೆಲ್ಲುತ್ತಿದ್ದರು. ಹಸು ಕರು ಹಾಕಿದರೆ ಗಿಣ್ಣನ್ನು ಮನೆಮಂದಿಗೆಲ್ಲ ಹಂಚುವ ಜನ, ತಾಯಿಯ ಗಿಣ್ಣನ್ನು ಮಗುವಿಗೆ ಕೊಡುತ್ತಿರಲಿಲ್ಲ. ಆ ಒಂದು ಹಾಲಿಗಾಗಿ ನಾನು ಎಷ್ಟು ಅಜ್ಜಿಯರ ಜೊತೆ ಜಗಳ ಆಡಿದ್ದೇನೆ ಅಂತ ಲೆಕ್ಕ ಇಟ್ಟಿಲ್ಲ. ನನ್ನ ಹತ್ತಿರ ಇದ್ದದ್ದು ಪ್ರತಿಕಾಯದ ಕಥೆ ಒಂದೇ. ನಿನ್ನ ಈ ಕಥೆ ಆಗ ಇದ್ದಿದ್ದರೆ ಜಗಳ ಇನ್ನೂ ಜೋರಾಗಿ ಆಡ್ತಿದ್ದೆ.

ಕಿರಿಯಳು: ಕೇಳಿ, ನಿಮ್ಮ ಕೆಲಸಕ್ಕೆ ಇದಕ್ಕಿಂತ ಹತ್ತಿರದ್ದು ಒಂದಿದೆ. ವಿಟಮಿನ್ ಎ ಸಿರಪ್ ಹಾಕ್ತಿದ್ದಿರಲ್ಲ?

ಹಿರಿಯರು: ಒಂಬತ್ತು ತಿಂಗಳಿಗೆ ಒಂದು ಲಕ್ಷ ಯೂನಿಟ್, ಆಮೇಲೆ ಆರು ತಿಂಗಳಿಗೊಮ್ಮೆ ಎರಡು ಲಕ್ಷ. ಇರುಳುಗಣ್ಣು ಬಾರದಿರಲಿ ಅಂತ. 1970ರಲ್ಲಿ ಶುರುವಾದ ಕಾರ್ಯಕ್ರಮ, ಕಣ್ಣಿಗಾಗಿ.

ಕಿರಿಯಳು: ಕಣ್ಣಿಗಾಗಿ ಕೊಟ್ಟದ್ದು ಕರುಳಿಗೂ ಮುಟ್ಟಿತ್ತು. ವಿಟಮಿನ್ ಎ ಕಡಿಮೆಯಿರುವ ಇಲಿಯಲ್ಲಿ ಮೂರನೇ ಗುಂಪಿನ ಐಎಲ್‌ಸಿ ಕುಗ್ಗಿ, ಬ್ಯಾಕ್ಟೀರಿಯಾ ಎದುರು ಕರುಳು ಸೋಲುತ್ತೆ. ಇದನ್ನು 2014ರಲ್ಲಿ ತೋರಿಸಿದರು. ಆಶ್ಚರ್ಯ ಇರೋದು ಮುಂದೆ. ಅದೇ ಇಲಿಯಲ್ಲಿ ಎರಡನೇ ಗುಂಪು ಹೆಚ್ಚುತ್ತೆ. ಎರಡನೇ ಗುಂಪು ಜಂತುಹುಳುವಿನ ವೈರಿ. ಲೋಳೆ ಹರಿಸಿ ಹುಳುವನ್ನು ಜಾರಿಸಿ ಹೊರಗೆ ಹಾಕುವಂಥದ್ದು. ಹಸಿದ ಮೈ ಎರಡು ಕಾವಲಿನಲ್ಲಿ ಒಂದನ್ನು ಕಿತ್ತು ಇನ್ನೊಂದಕ್ಕೆ ಕೊಡುತ್ತೆ. ಊಟದಲ್ಲಿ ಪಾಲು ಕೇಳುವ ಹುಳುವನ್ನಾದರೂ ಮೊದಲು ಓಡಿಸೋಣ ಅನ್ನುವ ಹಾಗೆ.

ಹಿರಿಯರು: (ತುಂಬ ಹೊತ್ತು ಮಳೆ ನೋಡುತ್ತಾ) ಹೊಟ್ಟೆ ಊದಿ, ಕೈಕಾಲು ಕಡ್ಡಿಯಾದ ಮಕ್ಕಳ ಮೈ ಒಳಗೆ ಇಂಥ ಒಂದು ಲೆಕ್ಕಾಚಾರ ನಡೀತಿತ್ತು ಅಂತ ಯೋಚಿಸಿರಲಿಲ್ಲ. ಬಡತನ ಮನೆಯೊಳಗೆ ಮಾಡಿಸುವ ಲೆಕ್ಕವೇ ಅದು. ದೊಡ್ಡವನಿಗೆ ಪುಸ್ತಕವೋ, ಚಿಕ್ಕವಳಿಗೆ ಚಪ್ಪಲಿಯೋ... ಆದರೆ ನಿಲ್ಲು. ನಿನ್ನ ಕಥೆ ಚೆನ್ನಾಗಿದೆ ಅಂತ ಒಪ್ಪಿಬಿಡಲಾರೆ. ಇಂಡೊನೇಷ್ಯಾದ ‘ಆಚೆ’ ಪ್ರಾಂತ್ಯದಲ್ಲಿ ಸೋಮರ್ ಅವರ ತಂಡ ಸುಮಾರು 450 ಹಳ್ಳಿಗಳಲ್ಲಿ ವಿಟಮಿನ್ ಎ ಕೊಟ್ಟು ನೋಡಿದಾಗ ಮಕ್ಕಳ ಸಾವು ಮೂರರಲ್ಲಿ ಒಂದು ಪಾಲು ತಗ್ಗಿತು ಅಂತ 1986ರಲ್ಲಿ ಬಂತು. ನಾವೆಲ್ಲ ಕುಣಿದೆವು. ಆಮೇಲೆ ಉತ್ತರ ಪ್ರದೇಶದಲ್ಲಿ ಹತ್ತು ಲಕ್ಷ ಮಕ್ಕಳ ಮೇಲೆ ನಡೆದ ಪ್ರಯೋಗದ ಫಲ 2013ರಲ್ಲಿ ಪ್ರಕಟವಾಯಿತು. ನೂರಕ್ಕೆ ನಾಲ್ಕರಷ್ಟು ವ್ಯತ್ಯಾಸ. ಅದೂ ಆಕಸ್ಮಿಕ ಇರಬಹುದು ಅನ್ನುವಷ್ಟು ಸಣ್ಣದು. ಒಂದೇ ಹನಿ, ಎರಡು ದೇಶ, ಎರಡು ಉತ್ತರ. ನಿನ್ನ ಕೋಶ ಇದನ್ನು ಬಿಡಿಸುತ್ತದೆಯೇ?

ಕಿರಿಯಳು: ಬಿಡಿಸೋದಿಲ್ಲ. ಹನಿ ಹಾಕಿದ್ದು ಸರಿಯಾಗಿ ಮುಟ್ಟಿತೇ ಅನ್ನೋದರಿಂದ ಹಿಡಿದು, ಆ ಮಕ್ಕಳಿಗೆ ಮೊದಲೇ ಎಷ್ಟು ಕೊರತೆ ಇತ್ತು ಅನ್ನೋವರೆಗೆ ಜಗಳ ನಡೆದಿದೆ. ನಾನು ಹೇಳಬಲ್ಲದ್ದು ಇಷ್ಟು: ಕೊರತೆ ಇದ್ದ ಕರುಳಿಗೆ ಕೊಟ್ಟರೆ ಫಲ, ಇಲ್ಲದ ಕರುಳಿಗೆ ಕೊಟ್ಟರೆ ಇಲ್ಲ ಅನ್ನುವಂಥ ಸಾಧ್ಯತೆಗೆ ಈ ಕೋಶಗಳು ಒಂದು ದಾರಿ ತೋರಿಸುತ್ತವೆ.

ಹಿರಿಯರು: ದಾರಿ ಇದೆ ಅನ್ನೋದು ಬೇರೆ, ಆ ದಾರಿಯಲ್ಲಿ ಯಾರಾದರೂ ನಡೆದರು ಅನ್ನೋದು ಬೇರೆ. ನನ್ನ ಕೇಳಿದರೆ ದಾರಿ ಇದೋ ಇಲ್ಲಿದೆ, ನಿನ್ನ ಕಣ್ಣೆದುರಿಗೇ. ಈ ಚರಂಡಿ ಮುಚ್ಚಲಿ. ಕುಡಿಯುವ ನೀರಿನ ಪೈಪು ಇದರೊಳಗಿಂದ ಹಾಯದಿರಲಿ. ನಿನ್ನ ಮೂರೂ ಗುಂಪು ನೆಮ್ಮದಿಯಾಗಿ ಮಲಗಬಹುದು.

ಕಿರಿಯಳು: ಮುಚ್ಚಲೇಬೇಕು. ಆದರೆ ಮುಚ್ಚುವ ತನಕ ಹುಟ್ಟಿದ ಮಕ್ಕಳು? ರೋಟಾವೈರಸ್ ಲಸಿಕೆಯನ್ನೇ ತಗೊಳ್ಳಿ. ದೆಹಲಿಯ ಆಸ್ಪತ್ರೆಯಲ್ಲಿ ಹುಟ್ಟಿದ ಕೂಸುಗಳಲ್ಲಿ ಕಾಯಿಲೆ ಮಾಡದೆ ಇದ್ದ 116ಇ ಅನ್ನುವ ತಳಿಯಿಂದ ನಮ್ಮ ದೇಶದ ಲಸಿಕೆ ಬಂತು. ಅದಕ್ಕೆ ಜೊತೆಗಾರನಾಗಿ ಪರೀಕ್ಷೆಯಾದ ಇನ್ನೊಂದು ತಳಿ, ಐ-321, ಸಿಕ್ಕಿದ್ದು ಬೆಂಗಳೂರಿನಲ್ಲೇ. ಭಾರತೀಯ ವಿಜ್ಞಾನ ಸಂಸ್ಥೆಯ ದುರ್ಗಾ ರಾವ್ ಅವರ ಪ್ರಯೋಗಾಲಯದ ಕೆಲಸ ಅದು. ವೈರಸ್ಸಿನ ಹೊರಚಿಪ್ಪಿನ ಜೀನ್‌ಗಳು ದನದ ರೋಟಾವೈರಸ್ಸಿನವು. ಸೋಂಕು ತಗುಲಿತ್ತು, ಕೂಸಿಗೆ ಭೇದಿ ಇರಲಿಲ್ಲ.

ಹಿರಿಯರು: ಗೆದ್ದ ಕರುಳು.

ಕಿರಿಯಳು: ಗೆದ್ದ ಕರುಳು. ಅದನ್ನು ಯಾರೋ ನೋಡಿದ್ದಕ್ಕೆ ಲಸಿಕೆಯ ದಾರಿ ತೆರೀತು. ಆದರೆ ಆ ಲಸಿಕೆ ಮೊದಲ ವರ್ಷದಲ್ಲಿ ತೀವ್ರ ಭೇದಿಯನ್ನು ತಡೆದದ್ದು ನೂರಕ್ಕೆ ಸುಮಾರು 56ರಷ್ಟು. ಶ್ರೀಮಂತ ದೇಶಗಳಲ್ಲಿ ಅಲ್ಲಿನ ರೋಟಾ ಲಸಿಕೆಗಳು 85 ದಾಟುತ್ತವೆ. ಅವೇ ಲಸಿಕೆಗಳು ಬಡ ದೇಶಕ್ಕೆ ಬಂದರೆ ಅವೂ ಕುಗ್ಗುತ್ತವೆ. ಬಾಯಿಗೆ ಹಾಕುವ ಪೋಲಿಯೊ ಹನಿಯಲ್ಲೂ ಇದೇ ಆಗಿತ್ತು, ವೆಲ್ಲೂರಿನವರು ಎಷ್ಟೋ ಮೊದಲೇ ತೋರಿಸಿದ್ದರು. ನೀರು ಕೆಟ್ಟಿದ್ದರೆ ಕರುಳು ಕಾಯಿಲೆ ಬೀಳದೆಯೂ ಬದಲಾಗುತ್ತೆ. ಒಳಗೋಡೆಯ ಬೆರಳಿನಂಥ ವಿಲ್ಲೈಗಳು ಮೊಂಡಾಗುತ್ತವೆ, ಒಳಗೆ ಸದಾ ಸಣ್ಣ ಉರಿ ಇರುತ್ತೆ. ಸದಾ ಎಚ್ಚರ ಇರುವ ಕಾವಲಿನವನು ಕಣ್ಣು ಕೆಂಪಾಗಿ, ಬರುವ ನೆಂಟನನ್ನೂ ಬಡಿದು ಓಡಿಸಿದ ಹಾಗೆ, ಲಸಿಕೆಯ ವೈರಸ್ಸೂ ಬೇರೂರುವ ಮೊದಲೇ ಹೋಗುತ್ತೇನೋ. ಅದನ್ನೇ ನಾನು ಹುಡುಕ್ತಿರೋದು.

ಹಿರಿಯರು: ‘ಏನೋ.’ ನೀನು ಪ್ರಾಮಾಣಿಕಳು, ಪ್ರತಿ ಸಲ ಒಂದು ‘ಏನೋ’ ಸೇರಿಸ್ತೀಯ. ನನ್ನ ಚರಂಡಿಯ ಮಾತಿಗೆ ‘ಏನೋ’ ಬೇಕಿಲ್ಲ.

ಕಿರಿಯಳು: ನಿಮ್ಮ ಆ ಓಆರ್‌ಎಸ್ ನೀರಿಗೂ ಒಂದು ಕಾಲದಲ್ಲಿ ‘ಏನೋ’ ಇತ್ತು. ಗ್ಲೂಕೋಸ್ ಇದ್ದರೆ ಕರುಳು ಉಪ್ಪನ್ನೂ ನೀರನ್ನೂ ಹೀರಿಕೊಳ್ಳುತ್ತೆ ಅಂತ ಯಾರೋ ಮೊದಲು ಪ್ರಾಣಿಗಳ ಕರುಳಿನ ತುಂಡಿನಲ್ಲಿ ನೋಡಿದ್ದರಿಂದಲೇ ಬನಗಾಂವ್‌ನಲ್ಲಿ ಆ ಲೋಟಕ್ಕೆ ಗ್ಲೂಕೋಸ್ ಬಿತ್ತು.

ಹಿರಿಯರು ಮಾತಾಡಲಿಲ್ಲ. ತಲೆಯಾಡಿಸಿದರು, ಅದು ಒಪ್ಪಿಗೆಯೋ ಬೇರೆ ಯೋಚನೆಯೋ ನನಗೆ ತಿಳಿಯಲಿಲ್ಲ. ಆಕೆ ದನಿ ತಗ್ಗಿಸಿ, ತನಗೆ ತುಂಬ ಇಷ್ಟವಾದ ಒಂದು ಪ್ರಯೋಗವಿದೆ, ಹೇಳಲೇ ಎಂದಳು.

ಕಿರಿಯಳು: ಜ್ವರ ಬಂದ ಮಗು ಊಟ ಬಿಡುತ್ತೆ. ಆಗ ಕರುಳಿನಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾಗಳೂ ಉಪವಾಸ. ಅವು ಸತ್ತರೆ ಆ ಜಾಗಕ್ಕೆ ಕೆಟ್ಟವು ಬರುತ್ತವೆ. ಇಲಿಗೆ ಹುಷಾರು ತಪ್ಪಿಸಿ ನೋಡಿದರು. ಐಎಲ್‌ಸಿ ಇಂಟರ್‌ಲ್ಯೂಕಿನ್-22 ಬಿಟ್ಟಿತು. ಗೋಡೆಯ ಕೋಶಗಳು ತಮ್ಮ ಮೈಮೇಲೆ ಫ್ಯೂಕೋಸ್ ಅನ್ನುವ ಸಕ್ಕರೆ ಹಚ್ಚಿಕೊಂಡವು. ಆ ಸಕ್ಕರೆ ಲೋಳೆಯ ಜೊತೆ ಒಳಗೆ ಇಳಿದು ಒಳ್ಳೆಯ ಬ್ಯಾಕ್ಟೀರಿಯಾಗಳಿಗೆ ಊಟವಾಯಿತು. ಮೈ ತಾನು ಉಣ್ಣದೆ ಇದ್ದಾಗಲೂ ಮನೆಯಲ್ಲಿದ್ದವರಿಗೆ ಬಡಿಸಿತು. ಇದನ್ನು ಓದಿದ ರಾತ್ರಿ ನಾನು ಅತ್ತಿದ್ದೆ.

ಹಿರಿಯರು: ಯಾಕೆ?

ಕಿರಿಯಳು: ಅಮ್ಮ ನೆನಪಾದಳು.

ಅಷ್ಟರಲ್ಲಿ ಫೋನ್ ಬಂತು. ಹಿಂದಿನ ಬೀದಿಯ ಮನೆ, ಎಂಟು ತಿಂಗಳ ಮಗು, ಬೆಳಗಿನಿಂದ ಆರು ಸಲ ಭೇದಿ. ಹಿರಿಯರ ದನಿ ಬದಲಾಯಿತು. ಕಣ್ಣು ಒಳಗೆ ಹೋಗಿದೆಯೇ, ಮೂತ್ರ ಹೋಗಿದೆಯೇ, ಹೊಟ್ಟೆಯ ಚರ್ಮ ಎಳೆದು ಬಿಟ್ಟರೆ ಕೂಡಲೇ ಕೂರುತ್ತದೆಯೇ, ರಕ್ತ ಇದೆಯೇ ಎಂದು ಒಂದೊಂದೇ ಕೇಳಿದರು. ಎದೆಹಾಲು ನಿಲ್ಲಿಸಬೇಡಿ ಎಂದು ಎರಡು ಸಲ ಹೇಳಿದರು. ಓಆರ್‌ಎಸ್ ಪೊಟ್ಟಣ ಒಂದು ಲೀಟರ್ ನೀರಿಗೆ, ಚಮಚದಲ್ಲಿ ಸ್ವಲ್ಪ ಸ್ವಲ್ಪವೇ. ಜಿಂಕ್ ಮಾತ್ರೆ ದಿನಕ್ಕೆ ಒಂದು, 20 ಮಿಲಿಗ್ರಾಂ, ಭೇದಿ ನಿಂತರೂ ಹದಿನಾಲ್ಕು ದಿನ ಬಿಡದೆ. ಮಗು ಮಂಕಾದರೆ, ಕುಡಿಯದಿದ್ದರೆ ಕಾಯಬೇಡಿ, ಆಸ್ಪತ್ರೆಗೆ ನಡೆಯಿರಿ. ನಾನು ಈಗಲೇ ಬಂದೆ.

ಫೋನ್ ಇಟ್ಟು ಕೊಡೆ ಹುಡುಕುತ್ತಿದ್ದರು. ಆಕೆ ಕೊಡೆ ತಂದು ಕೊಟ್ಟಳು.

ಕಿರಿಯಳು: ಜಿಂಕ್ ಯಾಕೆ ಹದಿನಾಲ್ಕು ದಿನ?

ಹಿರಿಯರು: ಕೊಟ್ಟರೆ ಈ ಭೇದಿ ಬೇಗ ನಿಲ್ಲುತ್ತೆ, ಮುಂದಿನ ಎರಡು ಮೂರು ತಿಂಗಳು ಮತ್ತೆ ಬರೋದೂ ಕಡಿಮೆ. ನಮ್ಮ ದೆಹಲಿಯಲ್ಲೇ ಪರೀಕ್ಷೆ ಮಾಡಿ ತೋರಿಸಿದ್ದು. 2004ರಿಂದ ಇಡೀ ಜಗತ್ತೇ ಕೊಡ್ತಿದೆ. ಕರುಳಿನ ಒಳಗೆ ಅದು ಯಾರ ಕಿವಿಯಲ್ಲಿ ಏನು ಹೇಳುತ್ತೆ ಅಂತ ನನ್ನನ್ನು ಕೇಳಬೇಡ. ಅದು ನಿನ್ನ ಕಡೆಯ ಪ್ರಶ್ನೆ.

ಕಿರಿಯಳು: ನಾನೂ ಬರಲೇ?

ಹಿರಿಯರು: ಬಾ. ಆ ಮನೆಯಲ್ಲಿ ಇನ್ನೂ ಮೂರು ಮಕ್ಕಳಿದ್ದಾರೆ, ಅದೇ ನೀರು ಕುಡಿಯೋರು. ನಾನು ಕಾಯಿಲೆ ಬಿದ್ದ ಕೂಸನ್ನು ನೋಡ್ತೀನಿ, ನೀನು ಆಡ್ಕೊಂಡಿರೋರನ್ನು ನೋಡು.

ಇಬ್ಬರೂ ಒಂದೇ ಕೊಡೆಯಲ್ಲಿ ಇಳಿದು ಹೋದರು. ಚರಂಡಿಯ ನೀರು ಅಷ್ಟರಲ್ಲಿ ಮೆಟ್ಟಿಲಿಗೆ ಬಂದಿತ್ತು.